ಹೋಗುವಾಗ ಕೂಗಿದ ತಿರುವು

ಕಾರಿನಲ್ಲಿ ಹೊಸದೊಂದು ಸದ್ದು ಕೇಳಿದರೆ ನಾನು ಮೊದಲು ಮಾಡುವ ಕೆಲಸ ರೇಡಿಯೋ ಜೋರು ಮಾಡುವುದು. ಎರಡನೆಯದು, ಪಕ್ಕದಲ್ಲಿ ಕೂತವರಿಗೂ ಕೇಳಿತೋ ಏನೋ ಎಂದು ಓರೆಗಣ್ಣಿನಲ್ಲಿ ನೋಡುವುದು. ಅವರಿಗೆ ಕೇಳಿಸಿಲ್ಲವೆಂದಾದರೆ ಸದ್ದೇ ಇಲ್ಲವೆಂದು ಲೆಕ್ಕ. ಕಳೆದ ಮಳೆಗಾಲದ ಮುಕ್ಕಾಲು ಭಾಗವನ್ನು ನಾನು ಈ ಲೆಕ್ಕದಲ್ಲೇ ದಾಟಿಸಿದೆ. ಶಾಲೆಗೆ ಹೋಗುವಾಗ ಜೊತೆಗೆ ಬರುವ ಇಬ್ಬರು ಟೀಚರುಗಳು ತಮ್ಮ ಮಾತಿನಲ್ಲೇ ಮುಳುಗಿರುತ್ತಿದ್ದರು. ಮಗಳ ಕಿವಿಯಲ್ಲಿ ಸದಾ ಇಯರ್‌ಫೋನು. ಲೆಕ್ಕ ತಪ್ಪಿದ್ದು ಅಮ್ಮನನ್ನು ಮಂಗಳೂರಿಗೆ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೊರಟ ದಿನ.

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ನೀರ್ಚಾಲು, ಸೀತಾಂಗೋಳಿ ದಾಟಿ ಕುಂಬಳೆಗೆ ಇಳಿಯುವ ರಸ್ತೆ. ಸೀತಾಂಗೋಳಿಯ ಪದವು, ಎಂದರೆ ಗುಡ್ಡದ ಮೇಲಿನ ಸಮತಟ್ಟು ಬಯಲು, ಮುಗಿದು ಇಳಿಜಾರು ಶುರುವಾಗುತ್ತಲೇ ಎಡಕ್ಕೊಂದು ಉದ್ದದ ತಿರುವು. ಅಲ್ಲಿ ಅಮ್ಮ ಮಡಿಲಲ್ಲಿದ್ದ ಫೈಲನ್ನು ಸರಿಸಿಕೊಂಡು, "ಎಂತದು ಕೂಗುದು?" ಅಂದಳು. ಎಪ್ಪತ್ತೆಂಟು ವರ್ಷ. ಫೋನಿನಲ್ಲಿ ನಾಲ್ಕು ಮಾತಾಡಿದರೆ ಎರಡು ಕೇಳುವುದಿಲ್ಲ. "ನಾಳೆ ಬರುತ್ತೇನೆ" ಎಂದರೆ "ಬಾಳೆ ಎಂತಕ್ಕೆ?" ಎಂದು ಕೇಳುವವಳು. ನನಗೆ ಸಿಟ್ಟು ಬಂತು. ಇಷ್ಟು ದಿನ ಮುಚ್ಚಿಟ್ಟದ್ದು ಈ ಕಿವಿಗೇ ಸಿಕ್ಕಬೇಕೇ! "ರೋಡಿಂದು ಅಮ್ಮ, ಹೊಸ ಡಾಮರು" ಅಂದೆ. ಸಂಜೆ ವಾಪಸು ಬರುವಾಗ ಅದೇ ತಿರುವನ್ನು ಹತ್ತಿದೆವು. ಅಮ್ಮ ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಸುಮ್ಮನೆ ಕೂತಿದ್ದಳು, ನಿದ್ದೆಯೆಂದುಕೊಂಡಿದ್ದೆ. ತಿರುವು ದಾಟಿದ್ದೇ ಹೇಳಿದಳು: "ಹೋಗುವಾಗ ಇಲ್ಲಿ ಕೂಗಿತ್ತು. ಈಗ ಇಲ್ಲ. ರೋಡು ಅದೇ ಅಲ್ವಾ?"

ಆ ಮಾತಿನಲ್ಲಿ ಉತ್ತರ ಪೂರ್ತಿಯಾಗಿ ಇತ್ತು. ಅದನ್ನು ತಿಳಿಯಲು ನನಗೆ ಮೂರು ತಿಂಗಳು ಬೇಕಾಯಿತು, ಜೊತೆಗೆ ನಾಲ್ಕು ಹೊಸ ಟಯರು.

(ವಯಸ್ಸಾದವರ ಕಿವಿ ಮೊದಲು ಕಳೆದುಕೊಳ್ಳುವುದು ಸಪುರದ, ಎತ್ತರದ ಸ್ವರಗಳನ್ನು. ಸ, ಶ, ತ, ಫ ಇಂಥ ವ್ಯಂಜನಗಳ ಚೂಪು ಅಲ್ಲೇ ಇರುವುದು. ಹಾಗಾಗಿ ಮಾತು ಕಲಸಿದ ಹಾಗೆ ಕೇಳುತ್ತದೆ, ಆದರೆ ಕೆಳಗಿನ ಗುಂಯ್ ಎನ್ನುವ ದಪ್ಪ ಸ್ವರ ಬಹಳ ಕಾಲ ಉಳಿಯುತ್ತದೆ. ಕಿವುಡಿ ಎಂದು ನಾವು ತೀರ್ಮಾನ ಮಾಡಿದವಳಿಗೆ ಕಾರಿನಲ್ಲಿ ಕೂತ ಬೇರೆಯವರಿಗಿಂತ ಮೊದಲು ಬೇರಿಂಗು, ಎಂದರೆ ಚಕ್ರ ಸಲೀಸಾಗಿ ತಿರುಗಲು ಅದರ ನಡುವೆ ಕೂರಿಸಿದ ಗುಂಡುಗಳ ಬಳೆ, ಕೇಳಿದ್ದರಲ್ಲಿ ಪವಾಡ ಏನೂ ಇಲ್ಲ. ಇದೆಲ್ಲ ನಾನು ಓದಿದ್ದು ಆಮೇಲೆ. ಆ ದಿನ ಬರೇ ಸಿಟ್ಟು.)

ನಾಲ್ಕು ಟಯರು

ನನ್ನದು ಒಂಬತ್ತು ವರ್ಷದ ಸಣ್ಣ ಕಾರು, ಕಾಸರಗೋಡಿನ ಕೆಎಲ್ 14 ನಂಬರಿನದು. ಸದ್ದು 45 ಕಿಲೋಮೀಟರ್ ವೇಗದ ಆಸುಪಾಸಿನಲ್ಲಿ ಶುರುವಾಗುತ್ತಿತ್ತು, 60ಕ್ಕೆ ಬಲಿಯುತ್ತಿತ್ತು, 70 ದಾಟಿದರೆ ಗಾಳಿಯ ಸದ್ದಿನೊಳಗೆ ಕರಗಿ ಹೋಗುತ್ತಿತ್ತು. ದೂರದಲ್ಲಿ ಯಾರೋ ಮರ ಕೊಯ್ಯುವ ಮೆಷಿನು ಇಟ್ಟ ಹಾಗೆ. ನಮ್ಮೂರಿನ ರಸ್ತೆಯಲ್ಲಿ 60 ಸಿಗುವುದೇ ಅಪರೂಪವಾದ್ದರಿಂದ ಸದ್ದು ಕೂಡ ಅಪರೂಪಕ್ಕೆ ಬರುವ ನೆಂಟನ ಹಾಗಿತ್ತು. ಹೊಸ ಹೆದ್ದಾರಿಯಾದ ಮೇಲೆ ಕಥೆ ಬದಲಾಯಿತು. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರು ಆರು ಪಥವಾಗಿ, ಸರ್ವಿಸ್ ರೋಡಿನ ಹೊಂಡಗಳಲ್ಲಿ ವರ್ಷಗಟ್ಟಲೆ ಕುಲುಕಿದ ಕಾರುಗಳಿಗೆಲ್ಲ ಒಮ್ಮೆಲೇ ನಯವಾದ ನೆಲ ಸಿಕ್ಕಿತು. ಹೊಂಡ ಇದ್ದಾಗ ಮುಚ್ಚಿಹೋಗುತ್ತಿದ್ದ ಕಾಯಿಲೆಗಳು ನಯದ ಮೇಲೆ ಬಾಯಿಬಿಟ್ಟವು. ಆ ರಸ್ತೆ ತೆರೆದ ಮೇಲೆ ಕಾರು ಕೆಟ್ಟಿತು ಎಂದು ಹೇಳಿದ ನಾಲ್ಕು ಜನರನ್ನಾದರೂ ನಾನು ಕಂಡಿದ್ದೇನೆ. ಕೆಟ್ಟದ್ದು ಮೊದಲೇ, ಕೇಳಿದ್ದು ಈಗ.

ಸದ್ದಿಗೆ ಮದ್ದು ಹುಡುಕಿ ದೊಡ್ಡ ಸರ್ವಿಸ್ ಸೆಂಟರಿಗೆ ಹೋದೆ. ಹೆಸರು ಬೇಡ. ಎಸಿ ರೂಮು, ಕಾಫಿ, ಗಾಜಿನಾಚೆ ನಮ್ಮದೇ ಕಾರು ಲಿಫ್ಟಿನ ಮೇಲೆ ಹೊಟ್ಟೆ ತೋರಿಸಿಕೊಂಡು ನಿಂತ ದೃಶ್ಯ. ಟೈ ಕಟ್ಟಿದ ಹುಡುಗ ಟ್ಯಾಬ್ ಹಿಡಿದುಕೊಂಡು ಬಂದು ಕೇಳಿದ್ದು, "ಸೌಂಡ್ ಎಲ್ಲಿಂದ ಬರ್ತದೆ ಸರ್?" ಹಿಂದಿನಿಂದ ಅಂದೆ. ಎಡಗಡೆಯೋ ಬಲಗಡೆಯೋ? ಎಡ ಇರಬೇಕು ಅಂದೆ. ಅವನು ಎಡ ಹಿಂದೆ ಎಂದು ಬರೆದುಕೊಂಡ. ಟೆಸ್ಟ್ ಡ್ರೈವಿಗೆ ಹೋಗಿ ಬಂದ, ಕಾರು ಅವನೆದುರು ಮೌನವ್ರತ ಹಿಡಿಯಿತು. ಮನೆಯಲ್ಲಿ ಅಷ್ಟು ಹಾರಾಡುವ ಮಗು ಡಾಕ್ಟರ ಎದುರು ಕೈಕಟ್ಟಿ ಕೂರುತ್ತದಲ್ಲ, ಹಾಗೆ. ಕೊನೆಗೆ ಟಯರುಗಳ ಮೇಲೆ ಕೈಯಾಡಿಸಿ, ಅಲ್ಲಲ್ಲಿ ಏರುತಗ್ಗಾಗಿ ಸವೆದಿದೆ, ಅದರದ್ದೇ ಸದ್ದು, ನಾಲ್ಕನ್ನೂ ಬದಲಿಸಿ ಬಿಡಿ ಅಂದ. ಸುಳ್ಳಲ್ಲ. ಟಯರು ಏರುತಗ್ಗಾಗಿ ಸವೆದರೆ ಇದೇ ಥರ ಗುಂಯ್ ಅನ್ನುವುದುಂಟು. ಬೇರಿಂಗಿನ ಸದ್ದಿಗೂ ಅದಕ್ಕೂ ಅಣ್ಣತಮ್ಮಂದಿರಷ್ಟು ಹೋಲಿಕೆ. ಆದರೆ ಎರಡನ್ನೂ ಬೇರೆ ಮಾಡಿ ತಿಳಿಯುವ ಒಂದು ಪ್ರಶ್ನೆಯನ್ನು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹದಿನೈದು ಸಾವಿರದ ಹತ್ತಿರ ಹೋಯಿತು. ಹೊಸ ಟಯರಿನಲ್ಲಿ ಮನೆಗೆ ಬರುವಾಗ ಸೀತಾಂಗೋಳಿಯ ಪದವಿನ ಮೇಲೆ 60ಕ್ಕೆ ಏರಿಸಿದೆ. ಗುಂಯ್. ಮೊದಲಿಗಿಂತ ಸ್ಪಷ್ಟವಾಗಿ, ಯಾಕೆಂದರೆ ಹಳೆ ಟಯರುಗಳ ಗಲಾಟೆ ಈಗ ಇರಲಿಲ್ಲ.

ಎಲ್ಲಿಂದ ಎಂಬ ಪ್ರಶ್ನೆಯೇ ನನ್ನನ್ನು ಕೆಡಿಸಿತು. ಕಾರಿನೊಳಗೆ ಕೂತ ಮನುಷ್ಯನ ಕಿವಿಗೆ ಆ ಪ್ರಶ್ನೆಗೆ ಉತ್ತರಿಸುವ ಯೋಗ್ಯತೆಯೇ ಇಲ್ಲ. ಬಯಲಿನಲ್ಲಿ ನಿಂತಾಗ ಎಡಗಡೆಯಿಂದ ಬಂದ ಸದ್ದು ಬಲಗಿವಿಗಿಂತ ಎಡಗಿವಿಗೆ ಒಂದಿಷ್ಟು ಮೊದಲು ತಲುಪುತ್ತದೆ. ಆ ಒಂದಿಷ್ಟು ಎಂದರೆ ಹೆಚ್ಚೆಂದರೆ ಮಿಲಿಸೆಕೆಂಡಿನ ಮೂರನೇ ಎರಡು ಪಾಲು. ಅಷ್ಟರಲ್ಲೇ ಮಿದುಳು ದಿಕ್ಕು ಹೇಳುತ್ತದೆ. ಕಾರಿನೊಳಗೆ ಗಾಜು, ತಗಡು, ಮೇಲಿನ ಮಾಡು ಎಲ್ಲವೂ ಸದ್ದನ್ನು ಹಿಂದೆ ಎಸೆಯುತ್ತವೆ. ಅಷ್ಟೇ ಅಲ್ಲ, ಚಕ್ರದಲ್ಲಿ ಹುಟ್ಟಿದ ಅದುರು ಗಾಳಿಯಲ್ಲಿ ಬರುವುದಕ್ಕೆ ಕಾಯುವುದಿಲ್ಲ, ಕಬ್ಬಿಣದ ಒಳಗೇ ಓಡುತ್ತದೆ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ 340 ಮೀಟರು ಹೋದರೆ ಉಕ್ಕಿನಲ್ಲಿ 5000ದಷ್ಟು ಹೋಗುತ್ತದೆ. ಮುಂದಿನ ಬಲ ಚಕ್ರದ ಕಾಯಿಲೆ ಹಿಂದಿನ ಸೀಟಿನಡಿಯ ತಗಡನ್ನು ಕುಣಿಸಿ ಅಲ್ಲಿಂದ ಮಾತಾಡಬಹುದು. ಗುಂಯ್ ಎನ್ನುವ ಸ್ವರದ ಅಲೆ, 150 ಹರ್ಟ್ಸ್ ಎಂದಿಟ್ಟುಕೊಂಡರೆ, ಎರಡು ಮೀಟರಿಗೂ ಮಿಕ್ಕಿ ಉದ್ದ. ಸಣ್ಣ ಕಾರಿನ ಒಳಗಿನ ಜಾಗವೇ ಅಷ್ಟು. ಮನೆಯಷ್ಟೇ ದೊಡ್ಡ ಆನೆ ಮನೆಯೊಳಗೆ ಯಾವ ಮೂಲೆಯಲ್ಲಿ ನಿಂತಿದೆ ಎಂದು ಕೇಳಿದ ಹಾಗಾಯಿತು.

ಅಪ್ಪನ ಪಂಪು

ಇದನ್ನೆಲ್ಲ ನಾನು ಚಿಕ್ಕಂದಿನಲ್ಲೇ ಕಲಿತಿರಬೇಕಿತ್ತು. ಅಪ್ಪ ಊಟ ಮುಗಿಸಿ ಜಗಲಿಯಲ್ಲಿ ಅಡ್ಡಬಿದ್ದರೆ ಕಣ್ಣು ಮುಚ್ಚುತ್ತಿತ್ತು, ಕಿವಿ ತೋಟದಲ್ಲಿ ಇರುತ್ತಿತ್ತು. ಕೆರೆಯ ಬದಿಯಲ್ಲಿ ಡೀಸೆಲ್ ಪಂಪು. ಎಪ್ರಿಲಿನ ಬಿಸಿಲು, ಅಡಕೆಗೆ ನೀರು ಬಿಡುವ ಕಾಲ, ನೀರಿಗೆಂದು ಗುಡ್ಡದೊಳಗೆ ಅಡ್ಡಕ್ಕೆ ಕೊರೆದ ಸುರಂಗದಿಂದ ಬರುವ ನೀರು ಹುರಿಯ ಎಳೆಯ ಹಾಗೆ ಸಪುರವಾಗಿರುವ ಕಾಲ. ಟುಕುಟುಕುಟುಕು ಎಂದು ಪಂಪು ಒಂದೇ ಲಯದಲ್ಲಿ ಓಡುತ್ತಿರುವಾಗ ಒಮ್ಮೆ ಅಪ್ಪ ಇದ್ದಕ್ಕಿದ್ದಂತೆ ಎದ್ದು ಕೂತು, "ಹೋಗಿ ನಿಲ್ಲಿಸು, ಗಾಳಿ ಎಳೀತಾ ಉಂಟು" ಅಂದರು. ನನಗೆ ಯಾವ ವ್ಯತ್ಯಾಸವೂ ಕೇಳಿರಲಿಲ್ಲ. ಓಡಿ ಹೋಗಿ ನೋಡಿದರೆ ಕೆರೆಯ ನೀರು ಪೈಪಿನ ತುದಿಯ ಫುಟ್‌ವಾಲ್ವಿನ ಬಾಯಿಯವರೆಗೆ ಇಳಿದು ಅಲ್ಲಿ ಬೊಗಸೆಯಷ್ಟಗಲದ ಸುಳಿ ಎದ್ದಿತ್ತು, ಪೈಪಿನೊಳಗೆ ಗೊರಗೊರ.

ನೀರು ಎಳೆಯುವ ಪಂಪಿನ ಎಂಜಿನಿಗೆ ಭಾರ ಇರುತ್ತದೆ. ಗಾಳಿ ಹೊಕ್ಕರೆ ಭಾರ ಕಳಚಿ ಎಂಜಿನು ತುಸು ಜೋರು ಓಡುತ್ತದೆ, ಹೊಗೆ ಕೊಳವೆಯ ಸದ್ದು ತೆಳ್ಳಗಾಗುತ್ತದೆ. ಅಪ್ಪ ಕೇಳಿಸಿಕೊಂಡದ್ದು ಎಂಜಿನಿನ ಸದ್ದನ್ನಲ್ಲ, ಅದರ ಭಾರ ಇಳಿದದ್ದನ್ನು. ಅದಕ್ಕೇ ಇನ್ನೂರು ಮೀಟರು ದೂರದ ಜಗಲಿಯಲ್ಲಿ ಮಲಗಿದ್ದೂ ಅವರಿಗೆ ಏನೂ ಅಡ್ಡಿಯಾಗಲಿಲ್ಲ. ಹಲಸಿನಕಾಯಿಯನ್ನು ಬೆರಳಿನಿಂದ ಬಡಿದು ನೋಡುವವರೂ ಇದನ್ನೇ ಮಾಡುವುದು: ಸದ್ದು ಯಾವ ಸೊಳೆಯಿಂದ ಬಂತೆಂದು ಯಾರೂ ಕೇಳುವುದಿಲ್ಲ, ಮೊನ್ನೆ ಬಡಿದಾಗ ಹೇಗಿತ್ತು, ಇವತ್ತು ಹೇಗಿದೆ, ಅಷ್ಟೆ.

ಕಾರಿನ ಮಟ್ಟಿಗೆ ನನಗೆ ಆ ಜ್ಞಾನ ಒಂದೇ ಒಂದು ಸಲ ಉಪಯೋಗಕ್ಕೆ ಬಂದದ್ದುಂಟು. ಈ ಗುಂಯ್‌ಗಿಂತ ಒಂದು ವರ್ಷ ಮೊದಲು ಕಾರು ಟಕ್ ಟಕ್ ಎನ್ನಲು ಶುರುಮಾಡಿತ್ತು. ವೇಗ ಹೆಚ್ಚಾದಂತೆ ಟಕಟಕಟಕ. ರಾತ್ರಿ ಪೇಟೆಯಿಂದ ಬರುವಾಗ ನಿರ್ಜನ ರಸ್ತೆಯಲ್ಲಿ 20ರ ವೇಗದಲ್ಲಿ ಹಿಡಿದು ಎಣಿಸಿದೆ. ಸೆಕೆಂಡಿಗೆ ಮೂರು. ನನ್ನ ಕಾರಿನ ಟಯರು 155/80 ಆರ್13. ಒಂದು ಸುತ್ತು ಬಂದರೆ ಕಾರು 1.8 ಮೀಟರು ಮುಂದೆ ಹೋಗುತ್ತದೆ. ಗಂಟೆಗೆ 20 ಕಿಲೋಮೀಟರು ಎಂದರೆ ಸೆಕೆಂಡಿಗೆ ಐದೂವರೆ ಮೀಟರು. ಭಾಗಿಸಿದರೆ ಮೂರು ಸುತ್ತು. ಎಂಜಿನು ಆ ಹೊತ್ತಿಗೆ 1500 ಆರ್‌ಪಿಎಂನಲ್ಲಿ ಓಡುತ್ತಿದ್ದರೂ ಸೆಕೆಂಡಿಗೆ 25 ಸುತ್ತು, ಅದನ್ನು ಎಣಿಸಲು ಮನುಷ್ಯರಿಂದಾಗದು. ಎಣಿಸಲು ಬರುವಷ್ಟು ನಿಧಾನದ ಟಕ್ ಟಕ್ ಎಂದರೆ ಅದು ಚಕ್ರದ್ದೇ. ಇಳಿದು ಮೊಬೈಲಿನ ಟಾರ್ಚು ಹಾಕಿ ನಾಲ್ಕು ಟಯರನ್ನೂ ತಡವಿದೆ. ಹಿಂದಿನ ಎಡ ಟಯರಿನ ಗೆರೆಯೊಳಗೆ ಹುಣಸೆ ಬೀಜದಷ್ಟು ದೊಡ್ಡ ಜಲ್ಲಿಯ ಚೂರು, ಹಲ್ಲಿನ ಸಂದಿಯಲ್ಲಿ ಸಿಕ್ಕಿದ ಅಡಕೆಯ ಹಾಗೆ. ಸ್ಕ್ರೂಡ್ರೈವರಿನಲ್ಲಿ ಮೀಟಿ ತೆಗೆದೆ. ಆ ರಾತ್ರಿ ನನಗಾದ ಹೆಮ್ಮೆ ಪಿಎಸ್‌ಸಿ ರ್‍ಯಾಂಕ್ ಲಿಸ್ಟಿನಲ್ಲಿ ಹೆಸರು ಬಂದಾಗಲೂ ಆಗಿರಲಿಲ್ಲ. ಅದೇ ಹೆಮ್ಮೆಯೇ ಆಮೇಲೆ ಮುಳುವಾಯಿತೋ ಏನೋ, ಒಂದು ಕಲ್ಲು ತೆಗೆದವನು ಎಲ್ಲ ಸದ್ದೂ ತನಗೆ ಗೊತ್ತೆಂದುಕೊಂಡುಬಿಡುತ್ತಾನೆ.

ಇಚ್ಚನ ಬರಿಗಾಲು

ಟಯರಿನ ಬಿಲ್ಲು ನೋಡಿ ನಕ್ಕ ಗೆಳೆಯನೊಬ್ಬ ನನ್ನನ್ನು ಕುಂಬಳೆ ರಸ್ತೆಯ ಬದಿಯ ಒಂದು ತಗಡಿನ ಶೆಡ್ಡಿಗೆ ಕಳಿಸಿದ. ಅಲ್ಲಿನ ಮೆಕ್ಯಾನಿಕ್ಕನ್ನು ಊರಿನವರೆಲ್ಲ ಇಚ್ಚ ಅಂತಲೇ ಕರೆಯುವುದು. ಅರುವತ್ತರ ಹತ್ತಿರದ ವಯಸ್ಸು. ಮನೆಮಾತು ಮಲಯಾಳ, ಗಿರಾಕಿಗಳ ಜೊತೆ ತುಳು, ನನ್ನಂಥವರ ಜೊತೆ ಅರ್ಧ ಕನ್ನಡ, ಸ್ಪ್ಯಾನರ್ ಎತ್ತಿಕೊಡುವ ಅಸ್ಸಾಮಿನ ಹುಡುಗನ ಜೊತೆ ಒಂದು ಥರದ ಹಿಂದಿ. ಆದರೆ ಶೆಡ್ಡಿನಲ್ಲಿ ಎಲ್ಲರೂ ಕೊನೆಗೆ ಬಂದು ಮುಟ್ಟುವ ಭಾಷೆ ಬಾಯಿಯಿಂದ ಸದ್ದು ಹೊರಡಿಸುವುದು. ನಾನು ಕಾದು ಕೂತ ಅರ್ಧ ಗಂಟೆಯಲ್ಲಿ ಒಬ್ಬರು ರಿಕ್ಷಾದ ಬಗ್ಗೆ "ಕಿಣಿಕಿಣಿ ಅಲ್ಲ, ಕಟಲ್ ಕಟಲ್" ಎಂದರು. ಮತ್ತೊಬ್ಬರು ಬೆಂಚಿನ ಮೇಲೆ ಉಗುರಿನಿಂದ ಕೆರೆದು ತೋರಿಸಿದರು. ಬ್ಯಾಂಕಿನ ಮ್ಯಾನೇಜರನಂತಿದ್ದ ಒಬ್ಬ ಗಂಭೀರ ಮನುಷ್ಯ ಕೆನ್ನೆ ಉಬ್ಬಿಸಿ "ಬುರ್ರ್ರ್" ಎಂದಾಗ ಅಸ್ಸಾಮಿನ ಹುಡುಗನೇ ತಲೆಯಾಡಿಸಿ ಸೈಲೆನ್ಸರಿನ ಕಡೆ ಕೈ ತೋರಿಸಿದ.

ನಾನು ಕನ್ನಡ ಮೇಷ್ಟ್ರು. ಎಂಟನೇ ಕ್ಲಾಸಿಗೆ ಅನುಕರಣಾವ್ಯಯ ಪಾಠ ಮಾಡುವಾಗ ಚಟಚಟ, ದಬದಬ, ಗುಳುಗುಳು ಎಂದು ಬೋರ್ಡಿನ ಮೇಲೆ ಬರೆದು, ಅರ್ಥವಿಲ್ಲದ ಸದ್ದುಗಳನ್ನು ಅನುಕರಿಸಿ ಹೇಳುವ ಪದಗಳು ಎಂದು ಬರೆಸುತ್ತೇನೆ. ಇನ್ನು ಮುಂದೆ ಹಾಗೆ ಬರೆಸಲು ಕೈ ಏಳದು. ಕಿರ್ರ್ ಎಂದರೆ ಬ್ರೇಕ್ ಪ್ಯಾಡು ಸವೆದು ಅದರಲ್ಲಿನ ತಗಡಿನ ನಾಲಗೆ ಡಿಸ್ಕಿಗೆ ತಾಗುತ್ತಿದೆ ಎಂದರ್ಥ. ಸ್ಟೇರಿಂಗು ಪೂರ್ತಿ ತಿರುಗಿಸಿ ಗೇಟಿನಿಂದ ಹೊರಗೆ ಬರುವಾಗ ಟಕಟಕ ಅಂದರೆ ಆಕ್ಸಲಿನ ಹೊರ ಜಾಯಿಂಟು, ಅದರ ರಬ್ಬರು ಹರಿದು ಗ್ರೀಸು ಸೋರಿದೆ. ಸಣ್ಣ ಹೊಂಡಗಳ ಮೇಲೆ ನಿಧಾನಕ್ಕೆ ಹೋಗುವಾಗ ಕೊಟಕೊಟ, ಜೋರು ಹೋದರೆ ಇಲ್ಲ: ಲಿಂಕ್ ರಾಡು. ಮಳೆಗಾಲದ ಬೆಳಿಗ್ಗೆ ಸ್ಟಾರ್ಟು ಮಾಡಿದ ಕೂಡಲೇ ಕುಂಯ್ಯೋ ಎಂದು ಎರಡು ನಿಮಿಷಕ್ಕೆ ನಿಂತರೆ ಫ್ಯಾನ್ ಬೆಲ್ಟು. ನಾಲ್ಕು ದಿನ ನಿಂತ ಕಾರು ಹೊರಡುವಾಗ ಚಕ್ರದಲ್ಲಿ ಕರಕರ ಎಂದರೆ ಡಿಸ್ಕಿನ ಮೇಲಿನ ತುಕ್ಕು, ಐದಾರು ಸಲ ಬ್ರೇಕು ಒತ್ತಿದರೆ ಹೋಗುತ್ತದೆ; 2020ರ ಮಾರ್ಚಿನಲ್ಲಿ, ಕೊರೋನಾ ಕಾಲದಲ್ಲಿ, ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದ ಮೇಲೆ ನಮ್ಮ ಕಡೆಯ ಕಾರುಗಳಿಗೆ ಮಂಗಳೂರಿನ ದಾರಿಯೇ ಇಲ್ಲವಾಗಿ, ಅಂಗಳದಲ್ಲಿ ನಿಂತು ನಿಂತು ಎಲ್ಲಕ್ಕೂ ಈ ಕರಕರ ಬಂದಿತ್ತು.

ಇಚ್ಚ ಬಟ್ಟೆಯಲ್ಲಿ ಕೈ ಒರೆಸಿಕೊಂಡು ನನ್ನ ಬಳಿ ಬಂದರು. ಸದ್ದು ಉಂಟು ಅಂದೆ. ಹಿಂದೆ ಎಡಗಡೆ ಎಂದು ಹೇಳಲು ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಅವರು ಕೇಳಿದರು: "ಎಪ್ಪೊಳಾ ಕೇಳ್ಕುನ್ನದ್ ಮಾಷೆ?"

ಎಪ್ಪೊ. ಯಾವಾಗ. ನಮ್ಮ ಕಡೆಯ ಮಲಯಾಳದಲ್ಲಿ ಎಲ್ಲಿ ಎಂಬುದಕ್ಕೆ ಏಡ ಎನ್ನುತ್ತಾರೆ. ಆ ಇಡೀ ಹೊತ್ತು ಇಚ್ಚ ಏಡ ಎಂಬ ಶಬ್ದವನ್ನು ಒಂದು ಸಲವೂ ಬಳಸಲಿಲ್ಲ. ನಿಂತಿದ್ದಾಗ ಎಕ್ಸಲೇಟರು ಕೊಟ್ಟರೆ ಬರುತ್ತದಾ? ಇಲ್ಲ. ಬ್ರೇಕು ಒತ್ತಿದರೆ ನಿಲ್ಲುತ್ತದಾ? ಇಲ್ಲ. ಐವತ್ತರಲ್ಲಿ ಹೋಗುವಾಗ ನಾಲ್ಕರಿಂದ ಮೂರನೇ ಗೇರಿಗೆ ಹಾಕಿದರೆ ಸ್ವರ ಬದಲುತ್ತದಾ? ಗೊತ್ತಿಲ್ಲ. ಹಾಗಾದರೆ ಬನ್ನಿ ಎಂದು ಹಿಂದಿನ ಸೀಟಿನಲ್ಲಿ ಹತ್ತಿ ಕೂತರು. ಕೂತವರು ಚಪ್ಪಲಿ ಕಳಚಿ, ಮ್ಯಾಟನ್ನು ಬದಿಗೆ ಸರಿಸಿ, ಬರಿಗಾಲನ್ನು ತಗಡಿನ ನೆಲಕ್ಕೆ ಒತ್ತಿ ಇಟ್ಟರು. ಹಿಮ್ಮಡಿಯ ಬಿರುಕಿನಲ್ಲಿ ಕರಿ ಆಯಿಲು ಗೆರೆಗೆರೆಯಾಗಿ ಇಳಿದಿತ್ತು. ಕನ್ನಡಿಯಲ್ಲಿ ನೋಡಿದರೆ ಕಣ್ಣು ಮುಚ್ಚಿದ್ದರು. ನಾನು ರೇಡಿಯೋ ಆಫ್ ಮಾಡಿದೆ. ಕಿಟಕಿ ಏರಿಸಿದೆ.

ಪದವಿನ ನೇರ ರಸ್ತೆಯಲ್ಲಿ 60. ಗುಂಯ್ ಬಂತು. ಮೂರನೇ ಗೇರು ಎಂದರು. ಎಂಜಿನು ಅರಚಿತು, ಗುಂಯ್ ಮಾತ್ರ ಅಲ್ಲೇ ಇತ್ತು, ಒಂದು ಕೂದಲೆಳೆಯಷ್ಟೂ ಏರಲಿಲ್ಲ. ಹಿಂದೆ ಮುಂದೆ ಗಾಡಿ ಇಲ್ಲದ್ದು ನೋಡಿ ಒಂದು ಕ್ಷಣ ನ್ಯೂಟ್ರಲ್ ಮಾಡಲು ಹೇಳಿದರು. (ಕೀ ತೆಗೆಯಬಾರದು, ಸ್ಟೇರಿಂಗು ಲಾಕಾಗುತ್ತದೆ, ಬ್ರೇಕು ಕಲ್ಲಾಗುತ್ತದೆ. ಇಳಿಜಾರಿನಲ್ಲಿ ಇದನ್ನು ಮಾಡಲೇಬಾರದು.) ಎಂಜಿನು ಸುಮ್ಮನಾಯಿತು, ಗುಂಯ್ ಮುಂದುವರಿಯಿತು. ಅಲ್ಲಿಗೆ ಎಂಜಿನು, ಗೇರುಬಾಕ್ಸಿನ ಅರ್ಧ, ಕ್ಲಚ್ಚು, ಬೆಲ್ಟು ಎಲ್ಲ ನಿರಪರಾಧಿಗಳಾಗಿ ಹೊರಗೆ ಬಂದವು. ಉಳಿದದ್ದು ತಿರುಗುವ ನಾಲ್ಕು ಚಕ್ರ, ಅದರಲ್ಲೂ ಟಯರು ಹೊಸದು.

ಆಗ ನನಗೆ ಯಾಕೋ ಅಮ್ಮನ ಮಾತು ನೆನಪಾಗಿ, ತಮಾಷೆಗೆಂಬಂತೆ ಹೇಳಿದೆ: ಇಲ್ಲಿ ಮುಂದೊಂದು ತಿರುವು ಉಂಟು, ಅಲ್ಲಿ ಹೋಗುವಾಗ ಕೂಗುತ್ತದಂತೆ, ಬರುವಾಗ ಇಲ್ಲವಂತೆ, ಅಮ್ಮ ಹೇಳಿದ್ದು. ಇಚ್ಚ ಕಣ್ಣು ತೆರೆದರು. "ಹೋಗುವಾಗ ಲೆಫ್ಟಾ?" ಹೌದು ಎಡಕ್ಕೆ. "ಬರುವಾಗ ಅದು ರೈಟ್ ಅಲ್ವಾ?" ಹೌದಲ್ಲ! ಹೋಗುವಾಗ ಎಡಕ್ಕಿರುವ ತಿರುವು ಬರುವಾಗ ಬಲಕ್ಕಿರುತ್ತದೆ. ಎಷ್ಟು ವರ್ಷದಿಂದ ಆ ರಸ್ತೆಯಲ್ಲಿ ಓಡಾಡಿದವನು ನಾನು, ಆದರೆ ನನ್ನ ತಲೆಯಲ್ಲಿ ಅದು "ಸೀತಾಂಗೋಳಿಯ ತಿರುವು" ಎಂಬ ಒಂದು ಜಾಗವಾಗಿತ್ತು. ಜಾಗ ಒಂದೇ, ರಸ್ತೆ ಒಂದೇ, ಒಮ್ಮೆ ಕೂಗಿ ಒಮ್ಮೆ ಕೂಗದಿದ್ದರೆ ಅಮ್ಮನದ್ದು ಬರೇ ಭ್ರಮೆ ಎಂದು ನಾನು ಕೈತೊಳೆದುಕೊಂಡಿದ್ದೆ.

ಇಚ್ಚ ನೇರ ರಸ್ತೆಯಲ್ಲೇ ಸ್ಟೇರಿಂಗನ್ನು ಮೆಲ್ಲ ಎಡಕ್ಕೆ ಬಲಕ್ಕೆ ತೂಗಲು ಹೇಳಿದರು, ತೊಟ್ಟಿಲು ತೂಗಿದ ಹಾಗೆ. ಎಡಕ್ಕೆ ಎಳೆದಾಗ ಗುಂಯ್ ಎದ್ದು ಗೊಂಯ್ ಆಯಿತು. ಬಲಕ್ಕೆ ಎಳೆದಾಗ ಯಾರೋ ಬಾಯಿ ಮುಚ್ಚಿದ ಹಾಗೆ ಅಡಗಿತು. ಎಡಕ್ಕೆ ತಿರುಗುವಾಗ ಕಾರಿನ ಭಾರ ಬಲಕ್ಕೆ ವಾಲುತ್ತದೆ, ಬಲಗಡೆಯ ಚಕ್ರಗಳು ಹೆಚ್ಚು ಹೊರುತ್ತವೆ, ಅಲ್ಲಿ ಗುಂಡುಗಳು ಸವೆದ ಬೇರಿಂಗಿದ್ದರೆ ಅದು ನರಳುತ್ತದೆ. ಟಯರಿನ ಸದ್ದಾಗಿದ್ದರೆ ಈ ಏರಿಳಿತ ಇಷ್ಟು ನಿಚ್ಚಳವಾಗಿ ಬರುವುದಿಲ್ಲ. ಟೈ ಕಟ್ಟಿದ ಹುಡುಗ ಕೇಳದೆ ಬಿಟ್ಟ ಪ್ರಶ್ನೆ ಇದೇ. "ಫ್ರಂಟ್ ರೈಟ್" ಎಂದು ಇಚ್ಚ ಕಾಲನ್ನು ಚಪ್ಪಲಿಯೊಳಗೆ ತೂರಿಸಿದರು. ನಾನು ಮೂರು ತಿಂಗಳಿಂದ ಹಿಂದಿನ ಎಡ ಎಂದುಕೊಂಡಿದ್ದೆ. ಕಾರಿನಲ್ಲಿ ಇದಕ್ಕಿಂತ ದೂರ ತಪ್ಪಲು ಜಾಗವೇ ಇಲ್ಲ.

ಶೆಡ್ಡಿಗೆ ಬಂದು ಮುಂದಿನ ಬಲ ಚಕ್ರವನ್ನು ಜಾಕಿನಲ್ಲಿ ಎತ್ತಿದರು. ಟಯರಿನ ಮೇಲೂ ಕೆಳಗೂ ಹಿಡಿದು ಅಲುಗಿಸಿದರೆ ಆಟ ಇರಲಿಲ್ಲ, ನಾನು ಗೆದ್ದೆನೆಂದುಕೊಂಡೆ. ಅವರು ನನ್ನ ಕೈ ಹಿಡಿದು ಚಕ್ರದ ಹಿಂದಿನ ದಪ್ಪ ಸ್ಪ್ರಿಂಗಿನ ಮೇಲೆ ಇಟ್ಟು, ಇನ್ನೊಂದು ಕೈಯಿಂದ ಚಕ್ರವನ್ನು ರಪ್ಪನೆ ತಿರುಗಿಸಿದರು. ಬೆರಳ ತುದಿಗೆ ಸಣ್ಣಗೆ ಝುಮುಝುಮು, ಇರುವೆಗಳು ಸಾಲಾಗಿ ಹೋದ ಹಾಗೆ. ಎಡ ಚಕ್ರವನ್ನೂ ಎತ್ತಿ ಅದೇ ಥರ ತೋರಿಸಿದರು. ಅಲ್ಲಿ ಸ್ಪ್ರಿಂಗು ಸತ್ತ ಹಾಗೆ ತಣ್ಣಗಿತ್ತು. ಹೋಲಿಸಿ ನೋಡಲು ಒಳ್ಳೆಯದೊಂದನ್ನು ಮುಟ್ಟಿಸಬೇಕು ಎಂಬುದು ಇಪ್ಪತ್ತು ವರ್ಷ ಪಾಠ ಮಾಡಿದ ನನಗೆ ಎಷ್ಟೋ ಸಲ ಮರೆತುಹೋಗಿದೆ, ಇಚ್ಚನಿಗೆ ಮರೆಯಲಿಲ್ಲ.

ಅಂಗೈಯಲ್ಲಿ ಮರಳು

ಈ ಬೇರಿಂಗನ್ನು ಸುತ್ತಿಗೆಯಿಂದ ಬಡಿದು ಕೂರಿಸಬಾರದು, ಬಡಿದರೆ ಹೊಸದೂ ಅಂದೇ ಹಾಳು. ಪ್ರೆಸ್ಸಿನಲ್ಲಿ ಒತ್ತಬೇಕು. ಪ್ರೆಸ್ಸು ಇರುವ ಲೇತ್ ಅಂಗಡಿಗೆ ಹುಡುಗ ಬೈಕಿನಲ್ಲಿ ಹೋಗಿ ಬರುವುದರೊಳಗೆ ಎರಡು ಸಲ ಚಹಾ ಆಯಿತು. ವಾಪಸು ಬಂದವನು ಹಳೆಯದನ್ನು ನನ್ನ ಕೈಗೆ ಕೊಟ್ಟ. ಮುಷ್ಟಿಯೊಳಗೆ ಹಿಡಿಯಲು ಬಾರದಷ್ಟು ದಪ್ಪದ ಉಕ್ಕಿನ ಬಳೆ. ಹೊರಗಿನಿಂದ ನೋಡಿದರೆ ಏನೂ ಆಗಿಲ್ಲ. ಒಳಗಿನ ಬಳೆಗೆ ಎರಡು ಬೆರಳು ತೂರಿಸಿ ತಿರುಗಿಸಿದೆ: ಅನ್ನದಲ್ಲಿ ಕಲ್ಲು ಸಿಕ್ಕಿದಾಗ ಹಲ್ಲಿಗೆ ಆಗುತ್ತದಲ್ಲ, ಅದು ಬೆರಳಿಗೆ ಆಯಿತು. ಇಚ್ಚ ಅದರ ಬದಿಯ ರಬ್ಬರಿನ ಮುಚ್ಚಳವನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿದರು. ಗ್ರೀಸು ಇರಬೇಕಾದಲ್ಲಿ ಕಂದು ಬಣ್ಣದ ರಸ, ಕೆಂಪು ಮಣ್ಣಿನ ಚರಂಡಿಯ ನೀರಿನ ಹಾಗೆ. ಒಂದು ಗುಂಡಿನ ಮೈಮೇಲೆ ಎಳ್ಳಿನ ಕಾಳಿನಷ್ಟು ಸಿಪ್ಪೆ ಎದ್ದಿತ್ತು. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರು, ಅರ್ಧ ಚಕ್ರ ಮುಳುಗುವ ಸರ್ವಿಸ್ ರೋಡಿನ ಹೊಂಡಗಳು. ಬಿಸಿಯಾದ ಬೇರಿಂಗು ನೀರಿಗೆ ಇಳಿದು ಒಮ್ಮೆಲೇ ತಣಿದಾಗ ಒಳಗೆ ನೀರನ್ನು ಎಳೆದುಕೊಳ್ಳುತ್ತದೆ. ಎಲ್ಲ ಸೇರಿ ಎರಡೂವರೆ ಸಾವಿರ ಕೊಟ್ಟೆ.

ಮುಂದಿನ ತಿಂಗಳು ಅಮ್ಮನನ್ನು ಮತ್ತೆ ಮಂಗಳೂರಿಗೆ ಕರೆದುಕೊಂಡು ಹೋಗುವಾಗ ಸೀತಾಂಗೋಳಿಯ ತಿರುವಿನಲ್ಲಿ ಬೇಕೆಂದೇ ಅವಳ ಮುಖ ನೋಡಿದೆ. ಏನೂ ಹೇಳಲಿಲ್ಲ. ನನಗೇ ತಡೆಯಲಾರದೆ, "ಈಗ ಕೂಗುದಿಲ್ಲ ಅಲ್ವಾ?" ಅಂದೆ. "ಎಂತ ಕೂಗುದು?" ಅಂದಳು. ವಿಷಯವೆಲ್ಲ ಹೇಳಿದೆ, ನಿನ್ನ ಮಾತಿನಿಂದಲೇ ಗೊತ್ತಾದದ್ದು ಅಂದೆ. ಅವಳಿಗೆ ಅರ್ಧ ಕೇಳಿತು, ಅರ್ಧ ಕೇಳಲಿಲ್ಲ. "ಹೌದಾ, ರೋಡು ಸರಿ ಮಾಡಿದ್ರಾ? ಒಳ್ಳೇದಾಯ್ತು" ಅಂದಳು. ಹೊಸ ಡಾಮರು ಎಂದು ನಾನೇ ಹೇಳಿದ್ದಲ್ಲವೇ.

ಹಳೆಯ ನಾಲ್ಕು ಟಯರುಗಳನ್ನು ಸರ್ವಿಸ್ ಸೆಂಟರಿನವರು ತಲಾ ಇನ್ನೂರಕ್ಕೆ ಕೇಳಿದ್ದರು, ಕೊಡಲು ಮನಸ್ಸಾಗದೆ ಮನೆಗೆ ತಂದಿದ್ದೆ. ಇನ್ನೂ ಹತ್ತು ಸಾವಿರ ಕಿಲೋಮೀಟರು ಓಡುವ ಟಯರುಗಳು. ದನದ ಹಟ್ಟಿಯ ಹಿಂದೆ ಒಂದರ ಮೇಲೊಂದು ಪೇರಿಸಿಟ್ಟು ಮರೆತೂಬಿಟ್ಟಿದ್ದೆ. ಈ ಜೂನಿನಲ್ಲಿ ಡೆಂಗ್ಯೂ ಎಂದು ಮನೆಮನೆ ನೋಡುತ್ತ ಬಂದ ಆಶಾ ಕಾರ್ಯಕರ್ತೆ ಹಿತ್ತಿಲಿಗೆ ಹೋದವರು ಅಲ್ಲಿಂದಲೇ ಕೂಗಿ ಕರೆದರು. ಮೇಲಿನ ಟಯರಿನೊಳಗೆ ನಿಂತ ಮಳೆನೀರು, ಅದರಲ್ಲಿ ಕೊಂಕಿಕೊಂಡು ಏರಿಳಿಯುವ ಸೊಳ್ಳೆಮರಿಗಳು. "ಮಾಷೆ, ನಿಙ್ಙಳೇ ಇಙ್ಙನೆ ಆಯಾಲೋ!" (ಮೇಷ್ಟ್ರೇ, ನೀವೇ ಹೀಗಾದರೆ!) ಎಂದು ಬೈದು, ನಾನು ಒಂದೊಂದನ್ನೇ ಎತ್ತಿ ನೀರು ಚೆಲ್ಲುವವರೆಗೆ ಕೊಡೆ ಹಿಡಿದುಕೊಂಡು ನಿಂತು, ನಾಲ್ಕೂ ಬೋರಲಾದ ಮೇಲೆ ರಿಜಿಸ್ಟರಿನಲ್ಲಿ ನನ್ನ ಸಹಿ ತೆಗೆದುಕೊಂಡು ಹೋದರು.